ವಾಲಿಯ ಚಿತೆಯೋ, ದನದ ಸಗಣಿಯೋ?

ಹಂಪಿಗೆ ಹೋಗಿ ಬಂದವರಲ್ಲಿ ಎಷ್ಟು ಜನ ನಿಂಬಾಪುರದ ಬೂದಿ ದಿಬ್ಬ ನೋಡಿದ್ದೀರಿ? ಕೈ ಎತ್ತಿ ನೋಡೋಣ :-)

ನಾಚಿಕೆ ಬೇಡ. ನಾನೂ ನೋಡಿದ್ದು ನಾಲ್ಕನೇ ಸಲ ಹೋದಾಗ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ಎಲ್ಲರೂ ವಾಪಸ್ ಹೊರಡುತ್ತಾರಲ್ಲ, ಅಲ್ಲಿಂದ ತಳವಾರಘಟ್ಟದ ಕಡೆ ಸ್ವಲ್ಪ ದೂರದಲ್ಲೇ ನಿಂಬಾಪುರ. ಊರ ಹತ್ತಿರ ಬೂದು ಬಣ್ಣದ ಒಂದು ದಿಬ್ಬ. ಅದನ್ನು ನೋಡಲೇಬೇಕು ಅಂತ ಹಟ ಹಿಡಿದವರು ಹೊಸಪೇಟೆಯ ನಮ್ಮ ದೊಡ್ಡಮ್ಮ. "ರಾಮ ಕೊಂದ ಮೇಲೆ ವಾಲಿನ್ನ ಸುಟ್ಟಿದ್ದು ಇಲ್ಲೇ. ಅಷ್ಟು ದೊಡ್ಡ ದೇಹ, ಬೂದಿನೂ ಅಷ್ಟೇ ಬಿತ್ತು" ಅಂದರು.

ಆ ಸೀಮೆಯಲ್ಲಿ ಇದು ಸಹಜವಾದ ಮಾತು. ಹೊಳೆಯ ಆ ದಡದ ಆನೆಗೊಂದಿಯೇ ಕಿಷ್ಕಿಂಧೆ. ಅಂಜನಾದ್ರಿಯಲ್ಲಿ ಹನುಮಂತ ಹುಟ್ಟಿದ, ಮಾಲ್ಯವಂತದಲ್ಲಿ ರಾಮ ಮಳೆಗಾಲ ಕಳೆದ, ಸುಗ್ರೀವನ ಗವಿಯಲ್ಲಿ ಸೀತೆಯ ಒಡವೆಗಳನ್ನು ಇಟ್ಟಿದ್ದರು. ಪ್ರತಿ ಬಂಡೆಗೂ ಒಂದು ಕಥೆ ಇರುವಾಗ ವಾಲಿಗೆ ಮಾತ್ರ ಸ್ಮಶಾನ ಇಲ್ಲದೆ ಇದ್ದೀತೇ?

ಇಂಥ ದಿಬ್ಬ ಅದೊಂದೇ ಅಲ್ಲ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಸಿಗುತ್ತದಲ್ಲ, ಅಲ್ಲಿರುವುದು ಇದಕ್ಕಿಂತ ಹೆಸರುವಾಸಿ. 1843ರಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಅದರ ಬಗ್ಗೆ ಬರೆದಾಗ ಊರವರು ಅವನಿಗೆ ಹೇಳಿದ್ದು, ಅದು ಪಾಂಡವರು ಕೊಂದ ಹಿಡಿಂಬಾಸುರನ ಬೂದಿ ಅಂತ. ರಾಮಾಯಣದ ಬದಲು ಮಹಾಭಾರತ, ಅಷ್ಟೇ. ಸತ್ತವನು ಮಾತ್ರ ಎರಡೂ ಕಡೆ ದೈತ್ಯದೇಹಿ.

ನಗಬೇಡಿ, ಓದಿದವರ ಕಥೆಗಳೂ ಹೆಚ್ಚುಕಮ್ಮಿ ಹೀಗೇ ಇದ್ದವು. ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸೀವೆಲ್ ಗೊತ್ತಲ್ಲ? ಆತ 1899ರಲ್ಲಿ ಈ ದಿಬ್ಬಗಳ ಬಗ್ಗೆ ಲೇಖನ ಬರೆದು, ಇವು ವಿಜಯನಗರ ಕಾಲದ ಚಿತೆಗಳ, ಅಂದರೆ ಸತಿ ಹೋದವರ ಬೂದಿ ಇರಬಹುದು ಅಂದ. ಅಲ್ಲಿನ ರಾಣಿಯರು ಚಿತೆ ಏರಿದ್ದನ್ನು ಪೋರ್ಚುಗೀಸರ ಬರಹಗಳಲ್ಲಿ ಓದಿದ್ದವನಿಗೆ ಬೂದಿ ಕಂಡಲ್ಲೆಲ್ಲ ಚಿತೆಯೇ ಕಂಡಿರಬೇಕು. ಇನ್ನು ಕೆಲವರು ಇದು ಕಬ್ಬಿಣ ಕರಗಿಸಿದ ಕಿಟ್ಟ ಅಂದರು. ಅದಕ್ಕೂ ಕಾರಣ ಇದೆ. ದಿಬ್ಬದಲ್ಲಿ ಮೆತ್ತನೆಯ ಬೂದಿಯ ಜೊತೆಗೆ ಕರಗಿ ಗಟ್ಟಿಯಾದ, ಗಾಜಿನ ಹಾಗೆ ಹೊಳೆಯುವ, ತೂತು ತೂತಾದ ಹೆಂಟೆಗಳೂ ಇವೆ. ಕೈಯಲ್ಲಿ ಹಿಡಿದು ನೋಡಿದರೆ ಯಾರಿಗಾದರೂ ಕುಲುಮೆ ನೆನಪಾಗುತ್ತದೆ.

ತಮಾಷೆ ಅಂದರೆ ಸರಿಯಾದ ಉತ್ತರ ಸೀವೆಲ್‌ಗಿಂತ ಮೊದಲೇ ಬಂದಿತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1870ರ ದಶಕದಲ್ಲಿ ಬಳ್ಳಾರಿ ಸೀಮೆ ಸುತ್ತಿ, ಈ ದಿಬ್ಬಗಳಲ್ಲಿ ಕಲ್ಲಿನ ಕೊಡಲಿಗಳನ್ನು ಕಂಡು, ಇವು ನೂತನ ಶಿಲಾಯುಗದ ಜನರವು, ಸುಟ್ಟಿರುವುದು ದನದ ಸಗಣಿ ಅಂತ ಗುರುತಿಸಿದ. ಆಮೇಲೂ ವಾದ ನಿಲ್ಲಲಿಲ್ಲ. 1957ರಲ್ಲಿ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಸಿಕ್ಕವು! ಸುತ್ತ ಬೇಲಿಗೆ ನೆಟ್ಟ ಮರದ ಕಂಬಗಳ ಗುಳಿಗಳು. ಅಂದರೆ ದೊಡ್ಡಿ. ಸಗಣಿ ರಾಶಿ ಬೀಳುವುದು, ಅದಕ್ಕೆ ಬೆಂಕಿ ಇಡುವುದು, ಮತ್ತೆ ಅದರ ಮೇಲೇ ದೊಡ್ಡಿ ಕಟ್ಟುವುದು. ಕುಡತಿನಿಯ ಬೂದಿಯನ್ನು ಪರೀಕ್ಷಿಸಿದ ಝಾಯ್ನರ್ 1960ರಲ್ಲಿ ಅದು ಸಗಣಿಯೇ ಅಂತ ತೋರಿಸಿದ. ಹುಲ್ಲಿನಲ್ಲಿರುವ ಸಿಲಿಕಾ ಸಗಣಿಗೂ ಬರುತ್ತದೆ, ಬೆಂಕಿ ಜೋರಾದರೆ ಕರಗಿ ಕಿಟ್ಟದಂತಾಗುತ್ತದೆ.

ಬೆಂಕಿ ಯಾಕಿಟ್ಟರು? ಇಲ್ಲಿ ಪಂಡಿತರಿಗೆ ಇನ್ನೂ ಒಮ್ಮತ ಇಲ್ಲ. ಆಲ್ಚಿನ್‌ಗೆ ಅದು ವರ್ಷದ ಹಬ್ಬದ ಆಚರಣೆಯಂತೆ ಕಂಡಿತು. ಸಂಕ್ರಾಂತಿಗೆ ನಮ್ಮ ಹಳ್ಳಿಗಳಲ್ಲಿ ದನಗಳನ್ನು ಕಿಚ್ಚು ಹಾಯಿಸುತ್ತಾರಲ್ಲ, ಅದರ ಹಿರೀಕ ಇರಬಹುದೇ? ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಅಗೆದ ಪದ್ದಯ್ಯನವರು, ಊರಿನ ಕಸ-ಸಗಣಿಯನ್ನು ಒಟ್ಟಿ ಆಗಾಗ ಸುಡುತ್ತಿದ್ದರು ಅನ್ನುವ ಕಡೆ ಒಲಿದರು. (ಊರಿನ ಹೆಸರು ಗಮನಿಸಿ!) ನನಗೆ ಎರಡೂ ಸರಿ ಅನ್ನಿಸುತ್ತದೆ. ನಮ್ಮಲ್ಲಿ ಕಸ ಸುಡುವುದಕ್ಕೂ ಒಂದು ಹಬ್ಬ ಬೇಕಲ್ಲವೇ?

ಹಾಗಾದರೆ ಆ ಕಾಲದಲ್ಲಿ ಸತ್ತವರು ಎಲ್ಲಿ ಹೋದರು? ಬೂದಿಯಲ್ಲಂತೂ ಅಲ್ಲ. ತೆಕ್ಕಲಕೋಟೆ, ಬೂದಿಹಾಳದಂಥ ಕಡೆ ಅವರು ಸಿಕ್ಕಿದ್ದು ವಾಸದ ಜಾಗದಲ್ಲೇ. ಎಳೆಗೂಸುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ನಾಲ್ಕು ಸಾವಿರ ವರ್ಷದ ಹಿಂದಿನ ಒಬ್ಬ ತಾಯಿ ಮಗುವನ್ನು ದೂರದ ಹೊಲಕ್ಕೆ ಕಳಿಸದೆ ಮನೆಯ ಹತ್ತಿರವೇ ಇಟ್ಟುಕೊಂಡಿದ್ದಳು. ಇದನ್ನು ಓದಿದ ದಿನ ನನಗೆ ಸೀವೆಲ್‌ನ ಚಿತೆಗಳೆಲ್ಲ ಮರೆತೇಹೋದವು.

ಇಂಥ ನೂರಕ್ಕೂ ಹೆಚ್ಚು ದಿಬ್ಬಗಳು ಬಳ್ಳಾರಿ, ರಾಯಚೂರು ಸೀಮೆ ಮತ್ತು ಪಕ್ಕದ ತೆಲುಗು ನಾಡಿನಲ್ಲಿ ದಾಖಲಾಗಿವೆ. ದಾಖಲಾದವೆಲ್ಲ ಈಗಿಲ್ಲ. ಬೂದಿ ಒಳ್ಳೆ ಗೊಬ್ಬರ, ಗಾಡಿಗಟ್ಟಲೆ ಹೊಲಕ್ಕೆ ಹೋಗಿದೆ. ರೈತರನ್ನು ಬೈಯಲು ನನಗೆ ಮನಸ್ಸಿಲ್ಲ, ಅವರಿಗೆ ಇದು ಏನು ಅಂತ ಯಾರು ಹೇಳಿದ್ದರು? ಸಂಗನಕಲ್ಲು-ಕುಪಗಲ್ಲಿನ ಬೆಟ್ಟಗಳಲ್ಲಿ ಕಲ್ಲು ಗಣಿಗಾರಿಕೆ ಮಾಡಿದ ಹಾನಿಯ ಕಥೆ ಬೇರೆ. ಅಲ್ಲಿ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳಿವೆ, ಬಡಿದರೆ ನಾದ ಹೊಮ್ಮುವ ಕಲ್ಲುಗಳಿವೆ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಇದನ್ನೆಲ್ಲ ಓದಿಕೊಂಡು ಹೋಗಿ, ಸ್ವಲ್ಪ ಜಂಬದಿಂದಲೇ ದೊಡ್ಡಮ್ಮನಿಗೆ ಹೇಳಿದೆ, "ಅದು ವಾಲಿ ಅಲ್ಲ ದೊಡ್ಡಮ್ಮ, ಬರೀ ಸಗಣಿ". ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ನೀ ಹಣೆಗೆ ಹಚ್ಕಳ್ಳೋ ವಿಭೂತಿ ಯಾತರದ್ದಪ್ಪ ಮತ್ತೆ?" ಅಂದರು.

ಮುಂದಿನ ಸಲ ಹೋದಾಗ ಅವರನ್ನೂ ಕುಡತಿನಿಗೆ ಕರೆದುಕೊಂಡು ಹೋಗಬೇಕು. ದಿಬ್ಬ ಇನ್ನೂ ಇರುವಾಗಲೇ.