ಕ್ಲಾರಿಯೊನೆಟ್ ವಿದ್ವಾನ್ ಎ. ಕೆ. ಸಿ. ನಟರಾಜನ್

ಪರದೇಶದಿಂದ ಬಂದ ಪಿಟೀಲು ನಮ್ಮ ಸಂಗೀತದಲ್ಲಿ ಮನೆಯ ಮಗಳಾಗಿ ನೆಲಸಿದ ಸಂಗತಿ ಎಲ್ಲರೂ ಬಲ್ಲುದೇ. ಆದರೆ ಅದೇ ದಾರಿಯಲ್ಲಿ ಬಂದ ಕ್ಲಾರಿಯೊನೆಟ್ಟು ಬಹುಕಾಲ ಹೊಸ್ತಿಲಲ್ಲಿಯೇ ನಿಲ್ಲಬೇಕಾಯಿತು.

1700ರ ಸುಮಾರಿನಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ವಾದ್ಯಶಿಲ್ಪಿ ಡೆನ್ನರ್ ಎಂಬಾತನು ರೂಪಿಸಿದ ಈ ವಾದ್ಯವು ಐರೋಪ್ಯರ ಬ್ಯಾಂಡುಗಳ ಮೂಲಕ ನಮ್ಮ ದೇಶಕ್ಕೆ ಬಂದಿತು. 19ನೆಯ ಶತಮಾನದಲ್ಲಿ ಮಹಾದೇವ ನಟ್ಟುವನಾರ್ ಎಂಬವರು ಇದನ್ನು ನೃತ್ಯದ ಮೇಳಕ್ಕೆ ತಂದರೆಂದು ಪ್ರತೀತಿ. ದೇವಾಲಯದ ನಾಗಸ್ವರ ಮೇಳವು 'ಪೆರಿಯ ಮೇಳ'ವೆನಿಸಿದರೆ, ನೃತ್ಯದ ಮೇಳವು 'ಚಿನ್ನ ಮೇಳ', ಎಂದರೆ ಕಿರಿಯ ಮೇಳ. ಕ್ಲಾರಿಯೊನೆಟ್ಟಿಗೆ ದೊರೆತದ್ದು ಈ ಕಿರಿಯ ಮೇಳದ ಸ್ಥಾನ. ನರ್ತಕಿ ಬಾಲಸರಸ್ವತಿಯವರ ಮೇಳದಲ್ಲಿ ರಾಧಾಕೃಷ್ಣ ನಾಯುಡು ಅವರಂತಹ ನಿಪುಣರು ಇದನ್ನು ನುಡಿಸಿದರೂ ವೇದಿಕೆಯ ನಡುವಿನ ಆಸನ ಇದಕ್ಕೆ ಸುಲಭವಾಗಿ ಲಭಿಸಲಿಲ್ಲ.

ಇದಕ್ಕೊಂದು ಸಕಾರಣವಾದ ಆಕ್ಷೇಪವೂ ಉಂಟು. ಕೀಲಿಗಳನ್ನು ಒತ್ತಿ ನುಡಿಸುವ ವಾದ್ಯದಲ್ಲಿ ಸ್ವರಗಳು ಬೇರೆ ಬೇರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಕೇಳಿಬರುತ್ತವೆ. ನಮ್ಮ ರಾಗಕ್ಕಾದರೋ ಗಮಕವೇ ಜೀವ. ತೋಡಿಯ ಗಾಂಧಾರವನ್ನು ಕಂಪಿಸದೆ ನಿಲ್ಲಿಸಿದರೆ ತೋಡಿಯೇ ಉಳಿಯದು. ಹೀಗಿರಲು ಕೀಲಿಯ ವಾದ್ಯಕ್ಕೆ ರಾಗಾಲಾಪನೆ ಸಾಧ್ಯವೇ?

ಈ ಪ್ರಶ್ನೆಗೆ ತಮ್ಮ ವಾದನದಿಂದಲೇ ಉತ್ತರವಿತ್ತವರು 1931ರಲ್ಲಿ ಜನಿಸಿದ ತಿರುಚ್ಚಿಯ ಎ. ಕೆ. ಸಿ. ನಟರಾಜನ್ ಅವರು. ಅವರ ತಂದೆಯವರೂ ಕ್ಲಾರಿಯೊನೆಟ್ ವಾದಕರು. ಆದರೆ ಮಗನ ವ್ಯಾಸಂಗ ಮನೆಯ ವಾದ್ಯಕ್ಕೇ ಸೀಮಿತವಾಗಲಿಲ್ಲ. ಆಲತ್ತೂರು ವೆಂಕಟೇಶ ಅಯ್ಯರ್ ಅವರಲ್ಲಿ ಗಾಯನವನ್ನೂ, ಇಲುಪ್ಪೂರು ನಟೇಶ ಪಿಳ್ಳೆಯವರಲ್ಲಿ ನಾಗಸ್ವರವನ್ನೂ ಅವರು ಅಭ್ಯಸಿಸಿದರು. ಸಾಹಿತ್ಯದ ಉಸಿರು ಗಾಯಕನಿಂದ ಬಂದಿತು. ವಿಸ್ತಾರವಾದ ಆಲಾಪನೆಯ ಬಲ ನಾಗಸ್ವರದಿಂದ ಬಂದಿತು. ರಂಧ್ರವನ್ನು ಬೆರಳಿನಿಂದ ಅರೆ ತೆರೆದು, ತುಟಿಯ ಬಿಗಿತವನ್ನು ಹೆಚ್ಚುಕಡಿಮೆ ಮಾಡಿ, ಸ್ವರದಿಂದ ಸ್ವರಕ್ಕೆ ಜಾರುವ ಗಮಕಗಳನ್ನು ಅವರು ಆ ವಾದ್ಯದಿಂದ ಹೊರಡಿಸಿದರು. ನಾಗಸ್ವರ ಚಕ್ರವರ್ತಿ ರಾಜರತ್ನಂ ಪಿಳ್ಳೆಯವರು ಇದನ್ನು ಮೆಚ್ಚಿ ಅವರನ್ನು 'ಕ್ಲಾರಿಯೊನೆಟ್ ಎವರೆಸ್ಟ್' ಎಂದು ಕರೆದರು. ಪೆರಿಯ ಮೇಳದ ಶಿಖರದಲ್ಲಿದ್ದವರ ಬಾಯಿಂದ ಬಂದ ಮಾತಾದುದರಿಂದ ಅದರ ತೂಕ ಹೆಚ್ಚಿನದು. 2008ರಲ್ಲಿ ಮದರಾಸಿನ ಸಂಗೀತ ವಿದ್ವತ್ ಸಭೆಯ 'ಸಂಗೀತ ಕಲಾನಿಧಿ' ಬಿರುದೂ, 2022ರಲ್ಲಿ ಪದ್ಮಶ್ರೀ ಪುರಸ್ಕಾರವೂ ಅವರಿಗೆ ಸಂದವು.

ಕನ್ನಡ ನಾಡಿನಲ್ಲಿಯೂ ಇದಕ್ಕೆ ಹೋಲುವ ನಿದರ್ಶನವುಂಟು. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಗಾಯಕರಾದ ಸಿದ್ಧರಾಮ ಜಂಬಲದಿನ್ನಿಯವರ ಶಿಷ್ಯರಾಗಿ, ಇದೇ ವಾದ್ಯದಲ್ಲಿ ಹಿಂದೂಸ್ತಾನಿ ಸಂಗೀತವನ್ನು ನುಡಿಸಿ ಹೆಸರಾದರು. ಇಬ್ಬರೂ ಗಾಯಕರ ಬಳಿ ಕುಳಿತು ಕಲಿತವರೆಂಬುದು ಗಮನಾರ್ಹ.

ಪಾಠ ಹೇಳುವ ನಮ್ಮಂಥವರು ಇಲ್ಲಿ ಅರಿಯಬೇಕಾದದ್ದು ಇಷ್ಟು: ವಾದ್ಯ ಎಲ್ಲಿಯದಾದರೂ ಆಗಲಿ, ಶಿಷ್ಯನ ಕಿವಿಯಲ್ಲಿ ಮೊದಲು ಹಾಡು ನೆಲೆಗೊಳ್ಳಬೇಕು. ಗಡಿಯ ಶಾಲೆಗಳಲ್ಲಿ ಮಕ್ಕಳು ಮನೆಯ ನುಡಿಯೊಂದು, ಬೀದಿಯ ನುಡಿಯೊಂದು ಎಂದು ಬೆಳೆಯುತ್ತಾರೆ. ಅವರಿಗೆ ಲಿಪಿ, ವ್ಯಾಕರಣಗಳೆಂಬ ಕೀಲಿಗಳನ್ನು ಒಪ್ಪಿಸುವ ಮೊದಲು ಕನ್ನಡದ ಮಾತನ್ನೂ ಹಾಡನ್ನೂ ಧಾರಾಳವಾಗಿ ಕೇಳಿಸುವುದು ಮೇಲು.