ಕಾರವಾರದ ಕಡಲಿಗೆ ಕವಿಯ ಹೆಸರು

ಕಾರವಾರ ಪೇಟೆಗೆ ತಾಗಿಕೊಂಡ ಮರಳದಂಡೆಯ ಹೆಸರು ರವೀಂದ್ರನಾಥ ಟ್ಯಾಗೋರ್ ಕಡಲತೀರ. ಆದರೆ ಟ್ಯಾಗೋರರು ಕಾರವಾರಕ್ಕೆ ಬರಿಯ ನೆಂಟ.

ಅಣ್ಣನ ಮನೆಯಲ್ಲಿ

ಅಣ್ಣ ಸತ್ಯೇಂದ್ರನಾಥರು ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯ. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡಕ್ಕೆ ಅವರು ಜಿಲ್ಲಾ ನ್ಯಾಯಾಧೀಶರು. 1883ರಲ್ಲಿ ಅವರಲ್ಲಿಗೆ ಬಂದ ತಮ್ಮ 22ರ ತರುಣ. ನೊಬೆಲ್‌ಗೆ ಇನ್ನೂ 30 ವರ್ಷವಿತ್ತು.

ಕಾಳಿ ನದಿಯ ರಾತ್ರಿ

ಆತ್ಮಕಥನ ‘ಜೀವನಸ್ಮೃತಿ’ಯಲ್ಲಿ ಟ್ಯಾಗೋರರು ಇಲ್ಲಿಯ ಗಾಳಿಮರಗಳ ಸಾಲನ್ನೂ ಅರ್ಧಚಂದ್ರದಂಥ ದಂಡೆಯನ್ನೂ ನೆನೆದಿದ್ದಾರೆ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯ ಮೇಲ್ಮುಖವಾಗಿ ಹೋಗಿ, ಶಿವಾಜಿಯದೆಂದು ಅವರು ಕರೆದ ಬೆಟ್ಟದ ಕೋಟೆಯ ಬುಡದಲ್ಲಿ ಇಳಿದರಂತೆ. ಅದು ಸದಾಶಿವಗಡವೇ ಆಗಿದ್ದರೆ, ಕಟ್ಟಿಸಿದವರು ಸೋದೆಯ ಅರಸರು. ಪ್ರವಾಸಿಯ ಕಿವಿಗೆ ದೊಡ್ಡ ಹೆಸರೇ ಮೊದಲು ಬೀಳುವುದು ಸಹಜ.

‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದು ಕಾರವಾರದಲ್ಲೇ, ಅಚ್ಚಾದದ್ದು 1884ರಲ್ಲಿ. ಲೋಕದ ಮೋಹವೆಲ್ಲ ಕಡಿದುಕೊಂಡೆನೆಂದು ಬೀಗುವ ಸನ್ಯಾಸಿಯನ್ನು ಅನಾಥ ಹುಡುಗಿಯೊಬ್ಬಳ ಅಕ್ಕರೆ ಮತ್ತೆ ಲೋಕಕ್ಕೆ ಎಳೆದುತರುತ್ತದೆ. ಸೀಮೆಯೊಳಗೇ ಅಸೀಮವನ್ನು ಕಾಣುವ ಈ ವಿಚಾರ ತಮ್ಮ ಮುಂದಿನ ಬರವಣಿಗೆಗೆಲ್ಲ ಪೀಠಿಕೆಯೆಂದು ಕವಿ ಆಮೇಲೆ ಹೇಳಿಕೊಂಡರು. ಹೀಗಾಗಿ ಕಡಲತೀರಕ್ಕೆ ಅವರ ಹೆಸರು ಬರಿಯ ಉಪಚಾರದ್ದಲ್ಲ. ಯಾವ ಶಿಲ್ಪವೂ ಇಷ್ಟು ಸರಿಯಾದ ಜಾಗದಲ್ಲಿ ನಿಲ್ಲಲಾರದು.

ಅಂಕೋಲೆಯ ದಾರಿ ಬೇರೆ

ಕಾರವಾರದ ಕವಿ ನೆಂಟನಾದರೆ, ನೆರೆಯ ಅಂಕೋಲೆಗೆ ಮನೆಮಗನೇ ಇದ್ದ. ಅಲಗೇರಿಯಲ್ಲಿ 1909ರಲ್ಲಿ ಹುಟ್ಟಿದ ದಿನಕರ ದೇಸಾಯಿ ಚುಟುಕಗಳಿಂದ ಕನ್ನಡಿಗರ ನಾಲಿಗೆ ಹತ್ತಿದವರು; ಗೇಣಿದಾರ ರೈತರ ಪರ ಹೋರಾಡಿ ಬ್ರಿಟಿಷರಿಂದ ಜಿಲ್ಲೆಯಿಂದ ಗಡಿಪಾರಾದವರು. 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಗೆದ್ದರು. 1982ರಲ್ಲಿ ತೀರಿಕೊಂಡರು.

ಕಲ್ಲಿನ ಗುರುತಿಗಿಂತ ಶಾಲೆಯ ಗಂಟೆಯಲ್ಲೇ ಅವರ ನೆನಪು ಹೆಚ್ಚು. 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಜಿಲ್ಲೆಯ ಹಳ್ಳಿಗಳಿಗೆ ಹೈಸ್ಕೂಲುಗಳನ್ನು ತಂದಿತು. ಅಂಕೋಲೆಯ ಅದರ ಕಾಲೇಜಿಗೆ ದೇಸಾಯಿ ತಮ್ಮ ಹೆಸರಿಡಲಿಲ್ಲ. ತಾವು ಸದಸ್ಯರಾಗಿದ್ದ ಭಾರತ ಸೇವಕ ಸಮಾಜದ ಸ್ಥಾಪಕ, 1866ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಗೋಖಲೆಯವರ ನೂರನೆಯ ವರ್ಷದ ನೆನಪಿಗೆ ಅದು ಗೋಖಲೆ ಸೆಂಟಿನರಿ ಕಾಲೇಜಾಯಿತು.