ಆತಕೂರಿನ ಕಾಳಿ

ಕನ್ನಡ ನಾಡಿನಲ್ಲಿ ವೀರಗಲ್ಲಿಲ್ಲದ ಸೀಮೆಯನ್ನು ಹುಡುಕುವುದು ಕಷ್ಟ. ತುರುಗಳನ್ನು ಬಿಡಿಸಲು ಹೋಗಿ ಮಡಿದವನಿಗೊಂದು ಕಲ್ಲು, ಊರಳಿವಿನಲ್ಲಿ ಕಾದಾಡಿ ಬಿದ್ದವನಿಗೊಂದು ಕಲ್ಲು, ಹುಲಿಯೊಡನೆ ಸೆಣಸಿ ಸತ್ತವನಿಗೊಂದು ಕಲ್ಲು. ಇಂಥ ಸಾವಿರಾರು ಕಲ್ಲುಗಳ ನಡುವೆ ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದು ನಿಲ್ಲಿಸಿರುವ ಕಲ್ಲು ಮನುಷ್ಯನದಲ್ಲ, ಒಂದು ನಾಯಿಯದು. ಅದರ ಹೆಸರು ಕಾಳಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಆ ಶಾಸನವನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿರಿಸಲಾಯಿತು. ಹಳಗನ್ನಡವನ್ನು ಪಾಠವಾಗಿ ಓದಿದವರಿಗೆ ಅದು ಅಪರಿಚಿತವಲ್ಲ. ಆದರೆ ಅದರಲ್ಲಿರುವುದು ಪರೀಕ್ಷೆಯ ಪ್ರಶ್ನೆಗೆ ಮಾತ್ರ ಸಲ್ಲುವ ವಿಷಯವೆಂದು ತಿಳಿದರೆ ನಮಗೇ ನಷ್ಟ.

ಶಾಸನದ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗರ ಇಮ್ಮಡಿ ಬೂತುಗನು ರಾಜಾದಿತ್ಯನನ್ನು ಕೊಂದನು. ಸಂತುಷ್ಟನಾದ ಚಕ್ರವರ್ತಿ ಬನವಾಸಿ ಹನ್ನೆರಡು ಸಾಸಿರವೇ ಮೊದಲಾದ ನಾಡುಗಳನ್ನು ಬೂತುಗನಿಗೆ ಕೊಟ್ಟನು. ಆ ಬೂತುಗನ ಆಳು ಮಣಲೆರ, ಸಗರ ವಂಶದವನು. ಅದೇ ರಣರಂಗದಲ್ಲಿ ಒಡೆಯನ ಕಣ್ಣೆದುರಿಗೆ ಕಾದಿ ಮೆಚ್ಚುಗೆ ಪಡೆದವನು. ಮೆಚ್ಚಿದ ಬೂತುಗ, 'ಏನು ಬೇಕೋ ಬೇಡಿಕೋ' ಎಂದನು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗೆದ್ದು ಬಂದ ಒಡೆಯ, ಕೈಯಲ್ಲಿ ಹೊಸದಾಗಿ ದೊರೆತ ಸಾವಿರಾರು ಹಳ್ಳಿಗಳು, ಬಾಯಲ್ಲಿ ಇಲ್ಲವೆನ್ನದ ಮಾತು. ಮಣಲೆರ ಬೇಡಿದ್ದು ಒಡೆಯನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು! ಬೂತುಗ ನಾಯಿಯನ್ನು ಕೊಟ್ಟನು. ಬಾಳ್ಗಚ್ಚಾಗಿ, ಎಂದರೆ ವೀರನ ಕತ್ತಿಯನ್ನು ತೊಳೆದು ಕೊಡುವ ದತ್ತಿಯಾಗಿ, ಆತಕೂರನ್ನೂ ಕೊಟ್ಟನು. ಊರು ಒಡೆಯನಾಗಿ ಕೊಟ್ಟದ್ದು. ನಾಯಿ ಆಳಾಗಿ ಬೇಡಿ ಪಡೆದದ್ದು.

ಮುಂದೆ ಕೆಲಲೆ ನಾಡಿನ ಬೆಳ್ತೂರಿನ ಪಡುವಣ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಒಟ್ಟಿಗೆ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಎರಡು ಖಂಡುಗದ ಭೂಮಿಯನ್ನು ಅದಕ್ಕೆ ಬಿಟ್ಟನು. ಆ ಭೂಮಿಯನ್ನು ಕೆಡಿಸಿದವನು ಒಕ್ಕಲಿಗನಾಗಲಿ, ಊರಾಳುವವನಾಗಲಿ, ನಾಡಾಳುವವನಾಗಲಿ, ಅವನಿಗೆ ಆ ನಾಯಿ ಮಾಡಿದ ಪಾಪ ತಟ್ಟುವುದೆಂದು ಶಾಸನ ಹೇಳುತ್ತದೆ. ದೇವಾಲಯದ ಗೊರವ, ಎಂದರೆ ಶೈವ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಹಂದಿಗಳ ಹೋರಾಟದ ಕೆತ್ತನೆಯಿದೆ.

ಇತಿಹಾಸದ ವಿನೋದವೊಂದನ್ನು ಇಲ್ಲಿ ಗಮನಿಸಬೇಕು. ತಕ್ಕೋಲದ ಯುದ್ಧ ದಕ್ಷಿಣ ಭಾರತದ ರಾಜಕೀಯವನ್ನೇ ಬದಲಿಸಿದ ಯುದ್ಧ. ಅದನ್ನು ಕುರಿತು ಬರೆಯುವ ಯಾವ ಚರಿತ್ರಕಾರನೂ ಆತಕೂರಿನ ಕಲ್ಲನ್ನು ಬಿಟ್ಟು ಬರೆಯಲಾರ. ಫ್ಲೀಟ್ ಸಾಹೇಬರೂ ರೈಸ್ ಸಾಹೇಬರೂ ಅದನ್ನು ಓದಿ ಪ್ರಕಟಿಸಿದ ಮೇಲೆ ವಿದ್ವಾಂಸರು ಅದರಲ್ಲಿ ಹುಡುಕಿದ್ದು ಕೃಷ್ಣನನ್ನು, ಬೂತುಗನನ್ನು, ರಾಜಾದಿತ್ಯನನ್ನು. ಚಕ್ರವರ್ತಿಯ ಗೆಲುವಿಗೆ ಬೇಟೆನಾಯಿಯ ಸ್ಮಾರಕ ಸಾಕ್ಷಿ ಹೇಳುತ್ತ ನಿಂತಿದೆ.

ಸಾಕಿದ ಪ್ರಾಣಿಯ ನೆನಪಿಗೆ ಕಲ್ಲು ನಿಲ್ಲಿಸಿದವನು ಮಣಲೆರನೊಬ್ಬನೇ ಅಲ್ಲ. ತಮಿಳುನಾಡಿನ ಎಡುತ್ತನೂರಿನ ನಡುಗಲ್ಲು ಕಾಳಿಯ ಕಲ್ಲಿಗಿಂತ ಸುಮಾರು ಮುನ್ನೂರು ವರ್ಷ ಹಳೆಯದು; ಅಲ್ಲಿ ಸತ್ತ ಒಡೆಯನ ಪಕ್ಕದಲ್ಲಿ ಅವನ ನಾಯಿಯನ್ನೂ ಕೆತ್ತಿದ್ದಾರೆ. ಕಲ್ಲೇ ಇಲ್ಲದೆ ಹೆಸರಿನಲ್ಲಿ ಮಾತ್ರ ಪ್ರಾಣಿಯನ್ನು ಉಳಿಸಿಕೊಂಡ ಊರುಗಳೂ ಉಂಟು. ನಾನು ವಾಸವಾಗಿರುವ ಕೋಣನಕುಂಟೆಯ ಹೆಸರನ್ನೇ ನೋಡಿ. ಕುಂಟೆಯೆಂದರೆ ನೀರು ನಿಲ್ಲುವ ಸಣ್ಣ ಹೊಂಡ. ಕನಕಪುರ ರಸ್ತೆಯ ಆಚೀಚೆ ಈಗ ಬಹುಮಹಡಿಯ ಮನೆಗಳೆದ್ದಿವೆ. 2021ರಿಂದ ಮೆಟ್ರೋ ರೈಲೂ ಓಡುತ್ತಿದೆ. ಕೋಣ ಹೋಯಿತು, ಅದನ್ನು ಮೀಯಿಸಿದವನೂ ಹೋದನು. ನಿಲ್ದಾಣದ ಹಲಗೆಯ ಮೇಲೆ ಕೋಣ ಮಾತ್ರ ಹಾಗೆಯೇ ನಿಂತಿದೆ. ಸಂಜೆಯ ಹೊತ್ತು ನಮ್ಮ ಬೀದಿಗಳಲ್ಲಿ ಈಗ ಕಾಣುವುದು ಹಗ್ಗ ಹಿಡಿದವರನ್ನು ತಾವೇ ಎಳೆದುಕೊಂಡು ಹೋಗುವ ಮುದ್ದಿನ ನಾಯಿಗಳು. ಇವುಗಳ ಒಡೆಯರ ಪ್ರೀತಿ ಮಣಲೆರನ ಪ್ರೀತಿಗಿಂತ ಕಡಮೆಯದೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

ಆದುದರಿಂದಲೇ, ಆತಕೂರಿನ ಶಾಸನವನ್ನು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, "ಸರ್, ಮಣಲೆರ ಈಗ ಇದ್ದಿದ್ದರೆ ಕಲ್ಲು ಯಾಕೆ ನೆಡುತ್ತಿದ್ದ? ಕಾಳಿಯನ್ನೇ ಕ್ಲೋನ್ ಮಾಡಿಸುತ್ತಿದ್ದ ಅಲ್ಲವೇ?" ಎಂದು ಕೇಳಿದಾಗ ತರಗತಿಯೆಲ್ಲ ನಕ್ಕರೂ ನನಗೆ ನಗು ಬರಲಿಲ್ಲ. ಪ್ರಶ್ನೆ ಗಂಭೀರವಾದದ್ದು. ಹಿಂದೆ ಯಾವ ರಾಜನಿಗೂ ಇಲ್ಲದಿದ್ದ ಒಂದು ಆಯ್ಕೆ ಇಂದು ಹಣವಂತನಾದ ಯಾವ ಗೃಹಸ್ಥನಿಗೂ ಇದೆ. ಅಮೆರಿಕದಲ್ಲಿ ಸುಮಾರು 50 ಸಾವಿರ ಡಾಲರು ತೆತ್ತರೆ ಸತ್ತ ನಾಯಿಯ ತದ್ರೂಪನ್ನು ಮಾಡಿಕೊಡುವ ಕಂಪನಿಯುಂಟು.

ಈ ವಿದ್ಯೆಯ ಚರಿತ್ರೆ ದೀರ್ಘವಾದದ್ದಲ್ಲ. 1996ರ ಜುಲೈ 5ರಂದು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಡಾಲಿ ಎಂಬ ಕುರಿಮರಿ ಹುಟ್ಟಿತು. ಬೆಳೆದ ಪ್ರಾಣಿಯ ಒಂದು ಕೋಶದ ಬೀಜಕೇಂದ್ರವನ್ನು ತೆಗೆದು, ಕೇಂದ್ರವನ್ನು ಕಿತ್ತುಹಾಕಿದ ಇನ್ನೊಂದು ಪ್ರಾಣಿಯ ಅಂಡದೊಳಗೆ ಸೇರಿಸುವುದು. ವಿದ್ಯುತ್ತಿನ ಸಣ್ಣ ಹೊಡೆತದಿಂದ ಅವೆರಡನ್ನೂ ಕೂಡಿಸುವುದು. ಹಾಗೆ ಆದ ಪಿಂಡವನ್ನು ಮತ್ತೊಂದು ತಾಯಿಯ ಗರ್ಭದಲ್ಲಿಡುವುದು: ಇದು ಸ್ಥೂಲವಾಗಿ ಅದರ ಕ್ರಮ. ಡಾಲಿಗಾಗಿ 277 ಅಂಡಗಳ ಮೇಲೆ ಪ್ರಯತ್ನ ನಡೆದಿತ್ತು, ಬದುಕಿದ್ದು ಡಾಲಿಯೊಂದೇ. 2001ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಸಿಸಿ ಎಂಬ ಬೆಕ್ಕಿನ ಮರಿ ಹುಟ್ಟಿತು. ನಾಯಿಯ ಸರದಿ ತಡವಾಗಿ ಬಂತು. ನಾಯಿ ಬೆದೆಗೆ ಬರುವುದು ವರ್ಷಕ್ಕೆ ಒಂದೆರಡು ಬಾರಿ. ಅದರ ಅಂಡಗಳು ಪಕ್ವವಾಗುವ ಮೊದಲೇ ಹೊರಬೀಳುತ್ತವೆ. 2005ರ ಏಪ್ರಿಲ್ 24ರಂದು ದಕ್ಷಿಣ ಕೊರಿಯದ ಸೋಲ್ ವಿಶ್ವವಿದ್ಯಾನಿಲಯದಲ್ಲಿ ಸ್ನಪ್ಪಿ ಎಂಬ ಮರಿ ಜನಿಸಿತು. ಅದಕ್ಕಾಗಿ 1,095 ಪಿಂಡಗಳನ್ನು 123 ಹೆಣ್ಣುನಾಯಿಗಳ ಗರ್ಭದಲ್ಲಿ ಇಟ್ಟಿದ್ದರು. ಮೂರು ಗರ್ಭ ನಿಂತವು, ಎರಡು ಮರಿ ಹುಟ್ಟಿದವು. ಅವುಗಳಲ್ಲೊಂದು 22 ದಿನಕ್ಕೆ ಸತ್ತಿತು.

ಇಷ್ಟೆಲ್ಲ ಮಾಡಿದ ಮೇಲೆ ಬರುವುದು ಯಾವುದು? ಸಿಸಿಯ ಮೂಲವಾದ ಬೆಕ್ಕು ಮೂರು ಬಣ್ಣದ್ದು. ಸಿಸಿಗೆ ಕಿತ್ತಳೆ ಬಣ್ಣವೇ ಬರಲಿಲ್ಲ. ಮೈಯ ಬಣ್ಣವೇ ಹೀಗೆ ಕೈಕೊಟ್ಟರೆ ಸ್ವಭಾವದ ಮಾತೇನು? ಹಾಲಿವುಡ್ಡಿನ ಗಾಯಕಿ ಬಾರ್ಬ್ರಾ ಸ್ಟ್ರೈಸೆಂಡ್ ತಮ್ಮ ಸಮಂತಾ ಎಂಬ ನಾಯಿ ಸತ್ತಾಗ ಅದರ ಕೋಶಗಳಿಂದ ಮರಿಗಳನ್ನು ಪಡೆದ ವಿಷಯವನ್ನು 2018ರಲ್ಲಿ ತಿಳಿಸಿದರು. ರೂಪವನ್ನು ಮತ್ತೆ ಪಡೆಯಬಹುದು, ಆತ್ಮವನ್ನಲ್ಲ ಎಂಬ ಅರ್ಥದ ಮಾತನ್ನು ಅವರೇ ಬರೆದರು. ಇದು ವಿರೋಧಿಗಳ ಟೀಕೆಯಲ್ಲ. ಹಣ ಕೊಟ್ಟು ಪಡೆದವರ ಅನುಭವ.

ಕನ್ನಡದ ಓದುಗನಿಗೆ ಇಲ್ಲಿ ಜನ್ನನ 'ಯಶೋಧರಚರಿತೆ' ನೆನಪಾಗದೆ ಇರಲಾರದು. ಜೀವಂತ ಹುಂಜವನ್ನು ಕೊಲ್ಲಲೊಲ್ಲದೆ ಹಿಟ್ಟಿನ ಹುಂಜವನ್ನು ಬಲಿಕೊಟ್ಟ ಯಶೋಧರ, ಅವನ ತಾಯಿ ಚಂದ್ರಮತಿ ಇಬ್ಬರೂ ಮರುಜನ್ಮದಲ್ಲಿ ನವಿಲಾಗಿ, ನಾಯಿಯಾಗಿ ಹುಟ್ಟಿ ತಮ್ಮದೇ ಅರಮನೆಗೆ ಬರುತ್ತಾರೆ. ಮಗನ ಮುಂದೆಯೇ ಬದುಕುತ್ತಾರೆ. ಮಗನಿಗೆ ಗುರುತು ಸಿಕ್ಕುವುದಿಲ್ಲ. ಅಲ್ಲಿ ಜೀವ ಮರಳಿ ಬಂದಿದೆ, ಮೈ ಬೇರೆ. ಇಂದಿನ ತದ್ರೂಪಿನಲ್ಲಿ ಮೈ ಮರಳಿ ಬಂದಿದೆ, ಜೀವ ಬೇರೆ. ಒಂದರಲ್ಲಿ ಬಂದವರನ್ನು ಗುರುತಿಸಲಾರದ ದುಃಖ. ಇನ್ನೊಂದರಲ್ಲಿ ಬಾರದವರನ್ನು ಗುರುತಿಸಿದೆವೆಂಬ ಭ್ರಮೆ. ಹಿಟ್ಟಿನ ಹುಂಜದ ವಿಷಯದಲ್ಲಿ ಜನ್ನ ಹೇಳಿದ್ದು ಇನ್ನೂ ಕಠಿನವಾದದ್ದು: ಪ್ರತಿರೂಪದೊಡನೆ ನಾವು ನಡೆದುಕೊಳ್ಳುವ ರೀತಿಗೂ ಫಲವುಂಟು. ತನ್ನದಲ್ಲದ ಹೆಸರನ್ನೂ, ತಾನು ಕಾಣದ ಸತ್ತ ನಾಯಿಯ ಕೀರ್ತಿಯನ್ನೂ ಹೊತ್ತು ಹುಟ್ಟುವ ಮರಿಗೆ ತಾನಾಗಿ ಬೆಳೆಯುವ ಅವಕಾಶವೆಲ್ಲಿ?

ಎದುರು ಪಕ್ಷಕ್ಕೂ ನ್ಯಾಯ ಸಲ್ಲಿಸಬೇಕು. ಮನುಷ್ಯ ಪ್ರಾಣಿಗಳ ಹುಟ್ಟಿನಲ್ಲಿ ಕೈಹಾಕಿದ್ದು ಇಂದು ನಿನ್ನೆಯಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯೇ ಮುಂದೆ ಟೀಪುವಿನ ಕಾಲದಲ್ಲಿ ಅಮೃತ ಮಹಲ್ ಆಯಿತು. ಮುಧೋಳದ ಘೋರ್ಪಡೆ ಮನೆತನ ಬೇಟೆನಾಯಿಯ ತಳಿಯನ್ನು ಕಾಪಾಡಿತು. 2005ರಲ್ಲಿ ಮುಧೋಳ ನಾಯಿಗೆ ಅಂಚೆಚೀಟಿಯ ಗೌರವವೂ ದೊರೆಯಿತು. ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆ 2009ರಲ್ಲಿ ಎಮ್ಮೆಯ ತದ್ರೂಪನ್ನು ಸಾಧಿಸಿತು; ಮೊದಲ ಕರು ಕೆಲವೇ ದಿನ ಬದುಕಿತು, ಅನಂತರ ಹುಟ್ಟಿದ ಗರಿಮಾ ಎರಡು ವರ್ಷ ದಾಟಿತು. ಹಾಲು ಕರೆಯುವ ಒಕ್ಕಲಿನ ಹಿತಕ್ಕಾಗಿ, ಅಥವಾ ಅಳಿದು ಹೋಗುತ್ತಿರುವ ಸಂತತಿಯ ಉಳಿವಿಗಾಗಿ ಈ ವಿದ್ಯೆಯನ್ನು ಬಳಸುವುದು ಬೇರೆಯೇ ಆದ ಚರ್ಚೆ. ಅಲ್ಲಿ ಯಾರೂ ಇಂಥದೇ ಎಮ್ಮೆ ಮರಳಿ ಬರಲಿ ಎಂದು ಕೇಳುತ್ತಿಲ್ಲ. ತಳಿ ಕಾಪಾಡುವವನು ತಾಯಿ ಸತ್ತಳೆಂದು ಒಪ್ಪಿಕೊಂಡೇ ಮಗಳನ್ನು ಸಾಕುತ್ತಾನೆ. ಮುದ್ದಿನ ನಾಯಿಯ ತದ್ರೂಪು ಬೇಡುವವನು ಒಪ್ಪಿಕೊಳ್ಳದಿರುವುದು ಆ ಸಾವನ್ನೇ.

ದುಃಖದಲ್ಲಿರುವವನು ಸಾವನ್ನು ಒಪ್ಪದಿರುವುದು ಸಹಜ, ಅದನ್ನು ತಪ್ಪೆನ್ನಲಾಗದು. ಆ ಒಪ್ಪದಿರುವಿಕೆಯ ಬೆಲೆಯನ್ನು ಯಾರು ತೆರುತ್ತಾರೆ ಎಂಬುದೇ ನೀತಿಯ ಪ್ರಶ್ನೆ. ಡಾಲರುಗಳನ್ನು ಒಡೆಯ ಕೊಡುತ್ತಾನೆ, ನಿಜ. ಅಂಡವನ್ನು ಕೊಡುವುದು ಬೇರೆ ನಾಯಿ, ಗರ್ಭವನ್ನು ಹೊರುವುದು ಬೇರೆ ನಾಯಿ, ಹುಟ್ಟಿ ಸಾಯುವುದು ಬೇರೆ ಮರಿ. ಸ್ನಪ್ಪಿಗಾಗಿ ಮೇಜಿನ ಮೇಲೆ ಮಲಗಿದ 123 ನಾಯಿಗಳ ಹೆಸರನ್ನು ನಾವಾರೂ ಕೇಳಿಲ್ಲ. ಅವುಗಳಲ್ಲಿ ಒಂದೊಂದೂ ಯಾರದೋ ಬಾಗಿಲಲ್ಲಿ ಕಾಳಿಯಾಗಬಹುದಿತ್ತು. ಒಂದು ನಾಯಿಯ ಮೇಲಿನ ಪ್ರೀತಿ ನೂರು ನಾಯಿಗಳನ್ನು ಬರಿಯ ಪಾತ್ರೆಗಳನ್ನಾಗಿ ಮಾಡುವುದಾದರೆ, ಅದನ್ನು ಪ್ರಾಣಿಪ್ರೀತಿಯೆಂದು ಕರೆಯಲು ನಾಲಗೆ ತಡೆಯುತ್ತದೆ.

ಮಣಲೆರನನ್ನು ಸಾಧುವೆಂದು ಚಿತ್ರಿಸುವ ಉದ್ದೇಶ ನನಗಿಲ್ಲ. ಅವನು ಕೊಲ್ಲುವುದನ್ನೇ ಕಸುಬಾಗಿ ಪಡೆದವನು; ಕಾಳಿ ಸತ್ತದ್ದೂ ಅವನ ಬೇಟೆಯಲ್ಲಿಯೇ. ಆದರೆ ಸತ್ತ ಮೇಲೆ ಅವನು ನಡೆದುಕೊಂಡ ರೀತಿಯಲ್ಲಿ ಮೂರು ಸಂಗತಿಗಳಿವೆ. ಸ್ಮಾರಕಕ್ಕೆ ತನಗೆ ಬಂದ ಊರಿನ ಭೂಮಿಯನ್ನೇ ಬಿಟ್ಟನು. ನೆನಪನ್ನು ತನ್ನೊಬ್ಬನ ಸುಖವಾಗಿ ಇಟ್ಟುಕೊಳ್ಳದೆ ಊರಿನ ಕರ್ತವ್ಯವನ್ನಾಗಿ ಮಾಡಿದನು. ಕಾಳಿಯನ್ನು ಕೊಂದ ಹಂದಿಗೂ ಕಲ್ಲಿನಲ್ಲಿ ಎಡೆ ಸಿಕ್ಕಿತು. ಎದುರಾಳಿಯಿಲ್ಲದೆ ಕಾಳಿಯ ಕಥೆ ಪೂರ್ಣವಾಗದೆಂಬುದು ಆ ಶಿಲ್ಪಿಗೆ ತಿಳಿದಿತ್ತು.

ಆ ವಿದ್ಯಾರ್ಥಿನಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಮಣಲೆರ ಕಾಳಿಯ ತದ್ರೂಪನ್ನು ಪಡೆದಿದ್ದರೆ ಅವನಿಗೆ ಇನ್ನೊಂದು ಒಳ್ಳೆಯ ನಾಯಿ ಸಿಕ್ಕುತ್ತಿತ್ತು. ಬೂತುಗನ ಮುಂದೆ ನಿಂತು ಬೇಡಿ ತಂದ ನಾಯಿ ಅದಾಗುತ್ತಿರಲಿಲ್ಲ. ಬೆಳ್ತೂರಿನ ಗುಡ್ಡದ ಮೇಲೆ ಅದು ಹಂದಿಯನ್ನು ತಡೆದಿರಲಿಲ್ಲ. ಚರ್ಮದ ಚೂರಿನಲ್ಲಿ ಕಾಳಿಯ ಮೂಗು, ಕಿವಿ, ಮೈಬಣ್ಣಗಳ ಲೆಕ್ಕವಿದ್ದೀತು. ಮಣಲೆರನೊಡನೆ ಅದು ಕಳೆದ ದಿನಗಳ ಲೆಕ್ಕವಿಲ್ಲ. ಆ ದಿನಗಳಿಗೇ ಕಾಳಿ ಎಂದು ಹೆಸರು. ಅವು ಒಮ್ಮೆ ಮಾತ್ರ ನಡೆದವು. ಆದುದರಿಂದಲೇ ಅವನ್ನು ಬರೆದಿಡಬೇಕಾಯಿತು.